ಖಾಲಿ ತೊಟ್ಟಿಲಿನ ಅಡ್ವೆಂಟ್

ಟೊಂಯ್, ಟೊಂಯ್. ಸಿಂದಗಿಯ ನಮ್ಮ ಬಾಡಿಗೆ ಮನೆಯ ಗೋಡೆಯಾಚೆ ಪಿಂಜಾರ ಚಾಚಾ ಬಿಲ್ಲು ಮೀಟಿ ಅರಳೆ ಹಿಂಜುವ ಸದ್ದು ಅದು. ಚಳಿ ಬಿತ್ತೆಂದರೆ ಊರಿನ ಹಳೆಯ ಗಾದಿಗಳೆಲ್ಲ ಅವರ ಅಂಗಳಕ್ಕೆ ಬಂದು ಬೀಳುತ್ತಿದ್ದವು.

ಅವ್ವ ಸರಕಾರಿ ದವಾಖಾನೆಯ ನರ್ಸು. ನಾನು ದೂರದ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ. ಐವತ್ತರ ದಶಕದ ಕೊನೆಯ ಒಂದು ವರ್ಷ ಅಲ್ಲಿ ಮಂಗನಬಾವು ಹಬ್ಬಿ, ನಮ್ಮನ್ನು ಡಿಸೆಂಬರ್ ಮೊದಲಿಗೇ ಮನೆಗೆ ಕಳಿಸಿಬಿಟ್ಟರು. ಹೊರಡುವಾಗ ಸಿಸ್ಟರ್ ಹೇಳಿದ್ದರು: ಅಡ್ವೆಂಟ್ ಎಂದರೆ ಕ್ರಿಸ್ಮಸ್‌ಗೆ ಮುಂಚೆ ಕಾಯುವ ಕಾಲ. ಬಾಲಯೇಸುವಿಗೆ ಒಂದು ಹಾಸಿಗೆ ಇಡಿ, ದಿನಕ್ಕೊಂದು ಸಣ್ಣ ಸ್ಯಾಕ್ರಿಫೈಸ್ ಮಾಡಿ ಅದಕ್ಕೊಂದು ಎಳೆ ಹುಲ್ಲು ಹಾಕಿ. ಆದರೆ ಕ್ರಿಸ್ಮಸ್‌ವರೆಗೆ ಅದು ಸ್ಟ್ರಿಕ್ಟ್ಲಿ ಎಂಪ್ಟಿ.

ಬಾಲಯೇಸು ಮಲಗಿದ್ದಂಥ ದನದ ಗೋದಲಿ ನನಗೆಲ್ಲಿ ಸಿಗಬೇಕು? ಕಟ್ಟಿಗೆಯ ಆಟದ ತೊಟ್ಟಿಲೊಂದಿತ್ತು, ಅದನ್ನೇ ಕಿಟಕಿಯ ಸರಳಿಗೆ ಕಟ್ಟಿದೆ. ಹುಲ್ಲಿನ ಬದಲು ಅರಳೆ. ಕೊಡುತ್ತಿದ್ದವಳು ಚಾಚಾನ ಹೆಂಡತಿ, ನನ್ನ ಚಾಚಿ.

"ಇವತ್ತೇನ ಬಿಟ್ಟೀ ತಂಗಿ?"

"ಚಹಾದಾಗ ಸಕ್ಕರಿ."

"ನಿನ್ನಿ ಬೆಲ್ಲ, ಇವತ್ತ ಸಕ್ಕರಿ. ನಾಳಿ ಊಟಾನ ಬಿಟ್ಟರ ನಿಮ್ಮವ್ವ ನನ್ನ ಕಾಲ ಮುರೀತಾಳವ್ವಾ!"

ಚಾಚಿ ಆಗ ತುಂಬಿದ ಬಸುರಿ. ಮೊದಲ ಕೂಸು ಉಸಿರಿಲ್ಲದೆ ಬಂದಿತ್ತು, ಎರಡನೆಯದು ಮೂರನೇ ದಿನ ಹೋಗಿತ್ತು. ಎರಡನ್ನೂ ಕೈಯಲ್ಲಿ ಹಿಡಿದವಳು ಅವ್ವ. ಅದಕ್ಕೇ ಈ ಸಲ ಚಾಚಿ ದಿನಾ ಸಂಜೆ ನಮ್ಮಲ್ಲಿಗೆ ಬರುತ್ತಿದ್ದಳು. ಅವ್ವ ಅವಳ ಹೊಟ್ಟೆಯ ಮೇಲೆ ಕಟ್ಟಿಗೆಯ ಕೊಳವೆ ಇಟ್ಟು ಕೂಸಿನ ಎದೆಬಡಿತಕ್ಕೆ ಕಿವಿಗೊಡುತ್ತಿದ್ದಳು. ಆಗ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ.

ಒಂದು ಸಂಜೆ ನಾನೇ ಅವಳ ಕೈ ಹಿಡಿದು ಎಳೆದೆ. "ನಿನ್ನ ಅರಳಿ ಎಲ್ಲಿ ಹೋಗೈತಿ ನೋಡ ಬಾ ಚಾಚಿ." ಒಳಗೆ ಕರೆದೊಯ್ದು ಖಾಲಿ ತೊಟ್ಟಿಲನ್ನು ಜೋರಾಗಿ ತೂಗಿ ತೋರಿಸಿದೆ.

ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಕೇಡು. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ಮಾತು ಬೋರ್ಡಿಂಗಿನ ಹುಡುಗಿಗೆ ಗೊತ್ತಿರಲಿಲ್ಲ. ಚಾಚಿ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಹೊರಟುಹೋದಳು. ಮೂರು ದಿನ ಬರಲಿಲ್ಲ.

ಕಾರಣ ತಿಳಿದ ಅವ್ವ ನನ್ನನ್ನು ಬೈಯಲಿಲ್ಲ. ಔಷಧಿ ಅರೆಯುವ ಸಣ್ಣ ಕರಿ ಗುಂಡುಕಲ್ಲನ್ನು, ತುದಿಯಷ್ಟೇ ಕಾಣುವಂತೆ, ಬ್ಯಾಂಡೇಜು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದಳು. ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡುಕಲ್ಲು ಮಲಗಿಸುವುದನ್ನು ಅವಳು ಊರ ಮನೆಮನೆಗಳಲ್ಲಿ ನೋಡಿದ್ದಳು.

"ಅವ್ವಾ, ಇದು ಸಿನ್, ಪಾಪ ಬರ್ತೈತಿ! ಸಿಸ್ಟರ್ ಎಂಪ್ಟಿ ಇಡ್ರಿ ಅಂದಾರ."

"ನಿಮ್ಮ ಸಿಸ್ಟರ್ ಒಂದೂ ಹಡದಿಲ್ಲ. ಬಾಯಿ ಮುಚ್ಚ."

ಆಮೇಲೆ ಚಾಚಿಯನ್ನು ಕರೆತಂದಳು. ಅವಳು ಹೊಸ್ತಿಲಲ್ಲೇ ನಿಂತು ಇಣುಕಿದಳು.

"ನಿಮ್ಮ ಯೇಸು ಭಾಳ ಕರ್ರಗ ಅದಾನಲ್ರಿ ಬಾಯಾರ?"

"ಇದು ಅವ ಅಲ್ಲಬೇ. ಅವ ಬರೂತನಾ ಜಾಗಾ ಹಿಡದೈತಿ. ವಿಜಾಪುರ ಬಸ್ಸಿನ್ಯಾಗ ಟವೆಲ್ ಹಾಕೂದಿಲ್ಲೇನ, ಹಂಗ."

ಚಾಚಿ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿ ಒಳಗೆ ಬಂದು ಕೂತಳು. ಸಿಸ್ಟರ್ ತಪ್ಪು ಹೇಳಿರಲಿಲ್ಲ, ಹೋಪ್ ಇಟ್ಟು ಕಾಯುವುದೆಂದರೆ ಬರುವವರಿಗೆ ಜಾಗ ಬಿಡುವುದೇ. ಆದರೆ ಎರಡು ಸಲ ಬರಿಗೈಯಾದವಳ ಎದುರು ಬರಿದಾದುದನ್ನು ಕುಣಿಸಬಾರದು. ಧರ್ಮ ಕಲಿಸುವ ಯಾವ ಕ್ಯಾಟೆಕಿಸಮ್ ಕ್ಲಾಸಿನಲ್ಲೂ ಅದು ಇರಲಿಲ್ಲ.

ಕ್ರಿಸ್ಮಸ್‌ಗೆ ಎರಡು ದಿನ ಮುಂಚೆ ಮಧ್ಯಾಹ್ನ ಅವ್ವ ಹಿತ್ತಲ ಬಾಗಿಲಿಂದ ಬಂದು, "ಹೆಣ್ಣು. ಅತ್ತಳು," ಎಂದಷ್ಟೇ ಹೇಳಿ ನೀರು ಕೇಳಿದಳು. ಹಾಗಾಗಿ ಎಲ್ಲರೂ ಅಂಜುತ್ತಿದ್ದ ಕೂಸಿನ ಮೂರನೇ ದಿನ ಕ್ರಿಸ್ಮಸ್ ದಿನವೇ ಬಿತ್ತು. ಆ ವರ್ಷ ನಾವು ವಿಜಾಪುರದ ಚರ್ಚಿಗೆ ಹೋಗಲಿಲ್ಲ. ಅವ್ವ ಬೆಳಗಿನಿಂದ ಪಿಂಜಾರರ ಮನೆಯಲ್ಲೇ ಕೂತಳು. ನಾನೂ ಹೊಸ ಫ್ರಾಕು ತೊಟ್ಟು ಅಲ್ಲೇ ಕೂತೆ. ಹೊತ್ತು ಮುಳುಗುವವರೆಗೂ ಕೂಸು ಮೊಲೆ ಕುಡಿಯಿತು, ಮಲಗಿತು, ಮತ್ತೆ ಕುಡಿಯಿತು.

ಎರಡು ವರ್ಷಕ್ಕೆ ಅವ್ವನಿಗೆ ಮುದ್ದೇಬಿಹಾಳಕ್ಕೆ ಟ್ರಾನ್ಸ್‌ಫರ್ ಆಯಿತು. ಚಾಚಿ ಮಗಳನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದಳು. ಬಸ್ಸು ಅಲುಗಿದಾಗ ಕಿಟಕಿಗೆ ಕೈ ನೀಡಿ, "ಬಾಯಾರ, ನಾ ಏನ ಹೇಳ್ತೇನಂದ್ರ..." ಎಂದಳು. ಅಷ್ಟರಲ್ಲಿ ಕೂಸು ಕೈ ಕೊಸರಿಕೊಂಡು ಶೇಂಗಾ ಬುಟ್ಟಿಯ ಕಡೆ ಓಡಿತು. "ಏ ನಿಂದರ, ಹುಚ್ಚಖೋಡಿ!" ಎನ್ನುತ್ತ ಚಾಚಿ ನಮಗೆ ಹೇಳಬೇಕಿದ್ದುದನ್ನು ಅರ್ಧಕ್ಕೇ ಬಿಟ್ಟು, ನಮ್ಮನ್ನು ಪೂರ್ತಿ ಮರೆತು, ಅದರ ಹಿಂದೆ ಓಡಿದಳು. ನಾನು ಕೊನೆಯ ಸಲ ನೋಡಿದ್ದು ಅವಳ ಬೆನ್ನನ್ನು.