ಹೆಸರಿಲ್ಲದ ಜೋಡಿ

ದೇವದುರ್ಗದ ಆದೆಮ್ಮನ ಮಗಳು ಅಂಬಿಕಾ ರಾಯಚೂರಿನ ಸ್ಟೇಷನ್ ರಸ್ತೆಯ ಸಣ್ಣದೊಂದು ಆಫೀಸಿನಲ್ಲಿ ಪ್ರೋಗ್ರಾಂ ಬರೆಯುತ್ತಾಳೆ. ಆಫೀಸೆಂದರೆ ನಾಲ್ಕು ಕುರ್ಚಿ, ಒಂದು ಫ್ಯಾನು, ಮಾಲೀಕ ಪ್ರಭುರಾಜನ ಗತ್ತು. ಹತ್ತಿಬೀಜದ ಕಂಪನಿಯೊಂದರ ಗೋದಾಮಿನಲ್ಲಿ ಚೀಲಗಳಿಗೆ ಚೀಟಿ ಅಚ್ಚುಹಾಕುವ ಸಾಫ್ಟ್‌ವೇರ್ ಇವರದೇ. ಆ ಚೀಲಗಳು ಹೋಗುವುದು ದೇವದುರ್ಗದ ಬೀಜದ ಹೊಲಕ್ಕೆ. ಅಲ್ಲಿ ಕ್ರಾಸಿಂಗ್ ಮಾಡುವ, ಅಂದರೆ ಗಂಡುತಳಿಯ ಹೂವಿನ ಪರಾಗವನ್ನು ಕೈಯಿಂದಲೇ ಹೆಣ್ಣುತಳಿಯ ಹೂವಿಗೆ ಮುಟ್ಟಿಸುವ, ಹದಿನೆಂಟು ಹೆಂಗಸರಿಗೆ ಆದೆಮ್ಮನೇ ಮುಂದಾಳು. ಆ ಮೂರು ತಿಂಗಳ ಕೆಲಸದ ಮೇಲೆ ಹದಿನೆಂಟು ಮನೆಗಳ ವರ್ಷ ನಿಂತಿತ್ತು.

ಪ್ರಭುರಾಜ ಬರೆದಿಟ್ಟ ಪ್ರೋಗ್ರಾಮಿನಲ್ಲಿ 'ಜೋಡಿ' ಎಂಬ ಒಂದು ಅಚ್ಚಿತ್ತು. ಯಾವುದೇ ಎರಡು ಬಗೆಯ ವಸ್ತುಗಳನ್ನು ಅದು ಒಟ್ಟಿಗೆ ಹಿಡಿದಿಡುತ್ತದೆ. ಯಾವ ಬಗೆ ಎಂಬುದನ್ನು ಬಳಸುವವರು ಆಮೇಲೆ ತುಂಬಬೇಕು. ತುಂಬುವ ಆ ಎರಡು ಜಾಗಕ್ಕೆ ಮಹಾಶಯ ಇಟ್ಟ ಹೆಸರು ಟಿ ಮತ್ತು ಯು. ಅಷ್ಟೇ.

"ಸರ್, ಈ ಟಿ, ಯು ತಗದು ಗಂಡುತಳಿ, ಹೆಣ್ಣುತಳಿ ಅಂತ ಹೆಸರಿಡೋಣ್ರಿ. ನೋಡಿದ ಕೂಡ್ಲೆ ತಿಳೀತದ," ಎಂದಳು ಅಂಬಿಕಾ.

"ದೊಡ್ಡ ದೊಡ್ಡ ಕಂಪನಿಯವರೇ ಹಿಂಗ ಬರೀತಾರ. ನೀವು ಅವರಿಗಿಂತ ಶಾಣ್ಯಾರೇನ್ರಿ?"

ಅವಳು ಮತ್ತೆ ಪರದೆಯ ಕಡೆ ತಿರುಗಿದಳು. ಕೆಲಸಕ್ಕೆ ಸೇರಿ ಇನ್ನೂ ಐದು ತಿಂಗಳಾಗಿರಲಿಲ್ಲ.

ಬಿತ್ತನೆಗೆ ಮುಂಚೆ ಹೊಸ ತಳಿಯ ಚೀಟಿ ಬರೆಯುವ ಕೆಲಸ ಅವಳ ಪಾಲಿಗೆ ಬಂತು. ಜೋಡಿಯಲ್ಲಿ ಮೊದಲ ಜಾಗ ಯಾರದು ಎಂದು ಪ್ರಭುರಾಜನಿಗೆ ಫೋನ್ ಮಾಡಿ ಕೇಳಿದಳು. "ಮೊದಲನೇದು ಟಿ, ಎರಡನೇದು ಯು. ಅಷ್ಟೂ ಗೊತ್ತಾಗಲ್ಲೇನ್ರಿ?" ಎಂದು ಅವನು ಫೋನ್ ಇಟ್ಟ. ಹೇಳಿದ್ದು ಸುಳ್ಳಲ್ಲ ನೋಡಿ!

ಅಂಬಿಕಾ ಹೊಲದಲ್ಲಿ ಬೆಳೆದವಳು. ಅಲ್ಲಿ ಹೆಂಗಸರ ಲೆಕ್ಕವೇ ಬೇರೆ: ನಾಲ್ಕು ಸಾಲು ಹೆಣ್ಣು, ಆಮೇಲೆ ಒಂದು ಸಾಲು ಗಂಡು. ಮಾತಿನಲ್ಲೂ ಬಿತ್ತನೆಯಲ್ಲೂ ಹೆಣ್ಣೇ ಮೊದಲು. ಅವಳ ಕೈ ತಾನಾಗಿ ಮೊದಲ ಜಾಗದಲ್ಲಿ ಹೆಣ್ಣನ್ನು ಬರೆಯಿತು. ಪ್ರಭುರಾಜ ಮಾತ್ರ ಆ ಜಾಗವನ್ನು ಗಂಡಿಗೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ. ಕಂಪ್ಯೂಟರ್ ಚೂರೂ ತಕರಾರು ಮಾಡಲಿಲ್ಲ. ಎರಡು ಜಾಗಕ್ಕೆ ಎರಡು ಬಗೆ ಸಿಕ್ಕವಲ್ಲ, ಅದಕ್ಕಿನ್ನೇನು ಬೇಕು? ಹೆಣ್ಣಿನ ಚೀಲಕ್ಕೆ ಗಂಡಿನ ಚೀಟಿ ಬಿತ್ತು, ಗಂಡಿನದಕ್ಕೆ ಹೆಣ್ಣಿನದು.

ಮೊಗ್ಗು ಬರುವ ಹೊತ್ತಿಗೆ ಆದೆಮ್ಮ ಎಲೆ ಹಿಡಿದು ನೋಡಿ ಒಂದೊಂದೇ ಸಾಲು ಎಣಿಸಿದಳು. ನಾಲ್ಕು ಸಾಲು ಗಂಡು, ಬೀಜ ಕಟ್ಟಬೇಕಾದ ಹೆಣ್ಣು ಒಂದೇ ಸಾಲು. ಕಂಪನಿಯ ಮೇಲ್ವಿಚಾರಕ ಯಂಕೋಬ ಬಂದ, ನೋಡಿದ, "ಎಲ್ಲಾ ಕಿತ್ತು ಹಾಕ್ರಿ," ಎಂದ. ಕ್ರಾಸಿಂಗ್ ಮಾಡಬೇಕಿದ್ದ ಹದಿನೆಂಟು ಜನರೇ ಗಿಡ ಕಿತ್ತರು. ಎರಡು ದಿನದ ಕೆಲಸ, ಮುಗಿಯಿತು. ಚೀಟಿ ಬರೆದವಳು ಯಾರೆಂಬುದು ಆ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು.

"ನಿನ್ನ ಮಗಳನ್ನ ಓದಿಸಿದ್ದು ಇದಕ್ಕೇನಬೇ?" ಎಂದಳು ರೇಣುಕಮ್ಮ, ಇಪ್ಪತ್ತು ವರ್ಷ ಆದೆಮ್ಮನ ಪಕ್ಕದ ಸಾಲಿನಲ್ಲೇ ದುಡಿದವಳು.

ಪ್ರಭುರಾಜ ಅಂಬಿಕಾಳನ್ನು ಕೆಲಸದಿಂದ ತೆಗೆಯಲಿಲ್ಲ. ತಪ್ಪು ಹೊರಲು ಒಬ್ಬರು ಬೇಕಲ್ಲ. ಅವಳು ಬರೆದದ್ದನ್ನು ಹಿಂದುಮುಂದು ಮಾಡಿ, "ಸರಿ ಆತು," ಎಂದ. ಅವನಿಲ್ಲದಾಗ ಅವಳು ಟಿ, ಯು ಅಳಿಸಿ ಪೂರ್ತಿ ಹೆಸರು ಬರೆದಳು. ಮರುದಿನವೇ ಅವನು ಹಳೆಯದನ್ನೇ ತಂದು ಕೂರಿಸಿದ. "ನಡೆಯೋದನ್ನ ಮುಟ್ಟಬ್ಯಾಡ್ರಿ."

ಮುಂದಿನ ವರ್ಷ ಕಂಪನಿ ಬೇರೆ ಊರಿನ ಹೊಲ ಹಿಡಿಯಿತು. ಹದಿನೆಂಟು ಜನ ದಿಕ್ಕಿಗೊಬ್ಬರಾದರು. ಮುಂದಾಳಾಗಿದ್ದ ಆದೆಮ್ಮ ಮಾನ್ವಿ ಕಡೆ ಯಾರದೋ ಗುಂಪಿನ ಕೊನೆಯ ಸಾಲಿನಲ್ಲಿ ಮೆಣಸಿನಕಾಯಿ ಬಿಡಿಸಲು ಹೋದಳು. ಟಿ, ಯು ಕಥೆಯನ್ನು ಮಗಳ ಬಾಯಿಂದ ಕೇಳಿದ್ದ ಅವಳು ಒಂದು ದಿನ ಅಲ್ಲಿಂದಲೇ ಫೋನ್ ಮಾಡಿದಳು.

"ಅಂಬಿ, ಆ ಊರಾಗೂ ಹೆಣ್ಮಕ್ಕಳು ಅದಾರಲ್ಲ. ನಿಮ್ಮ ಆಫೀಸಿನಾಗ ಈಗರ ಹೆಸರು ನೆಟ್ಟಗ ಬರದಾರೇನು?"

ಅಂಬಿಕಾಳ ಎದುರಿನ ಪರದೆಯಲ್ಲಿ ಟಿ ಇತ್ತು, ಯು ಇತ್ತು. ಈ ವರ್ಷದ ಚೀಟಿ ಬರೆಯಲು ಹೊಸದಾಗಿ ಸೇರಿದ ಯಶೋದಾ ಪಕ್ಕದ ಕುರ್ಚಿಯಲ್ಲಿ ಫೋನ್ ಹಿಡಿದು ಪ್ರಭುರಾಜನನ್ನು ಕೇಳುತ್ತಿದ್ದಳು: "ಸರ್, ಮೊದಲನೇದು ಯಾವುದ್ರಿ?"

"ಹೂಂ ಯವ್ವಾ, ಬರದಾರ," ಎಂದಳು ಅಂಬಿಕಾ.