ಅಣ್ಣನ ಲೋಟದಲ್ಲಿ ಕುಡಿದ ಕಾಫಿ

ನಾನು ಓದಿದ್ದು ಐದನೇ ಕ್ಲಾಸು. ಆದರೆ ಈ ತಪ್ಪಿಗೆ ಆ ನೆಪ ಹೇಳುವುದಿಲ್ಲ. ಆಸ್ಪತ್ರೆಯ ನರ್ಸಮ್ಮ ತಿಳಿಯುವ ಹಾಗೇ ಹೇಳಿದ್ದರು.

ನನ್ನ ಅಣ್ಣನಿಗೆ ಎಚ್‌ಐವಿ ಇದೆ. ಅದು ಗೊತ್ತಾದ ವರ್ಷ, ಕಾಮಸಮುದ್ರದ ನಮ್ಮ ಮನೆಗೆ ಬಂದಾಗ ಅವನಿಗೆಂದೇ ಒಂದು ಸ್ಟೀಲ್ ಲೋಟ ಬೇರೆ ಇಟ್ಟಿದ್ದೆ. ಗುರುತಿಗೆ ತಳಕ್ಕೆ ಕೆಂಪು ನೈಲ್ ಪಾಲಿಷ್. ಅವನು ಲೋಟ ಎತ್ತಿ ತಳ ನೋಡಿದ, ತೊಟ್ಟೂ ಬಿಡದೆ ಕುಡಿದ. ಲೋಟದಿಂದ ಅದು ಅಂಟುವುದಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಕ್ಷಮಿಸು ಅನ್ನಲು ಬಾಯಿ ಬರಲಿಲ್ಲ.

ಮೂರು ತಿಂಗಳ ಹಿಂದೆ ಅಣ್ಣ ಆಂಡರ್ಸನ್‌ಪೇಟೆಯಲ್ಲಿ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡ. ಆಪರೇಷನ್ ಚೆನ್ನಾಗೇ ಆಯಿತು. ಡೈರಿಗೆ ಹಾಲು ಹಾಕಿ, ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಆಸ್ಪತ್ರೆಗೆ ಬಸ್ಸು ಹತ್ತಿದೆ. ನನ್ನ ಮೈ ಬಿಸಿಯಿತ್ತು, ಮೂಗು ಸೋರುತ್ತಿತ್ತು.

ವಾರ್ಡಿನ ಬಾಗಿಲಲ್ಲಿ ನರ್ಸಮ್ಮ, "ನೆಗಡಿ, ಜ್ವರ ಇದ್ರೆ ಒಳಗೆ ಬರಬೇಡಿಮ್ಮ, ಒಳಗಿರೋರಿಗೆ ಅಂಟುತ್ತೆ" ಅಂದರು.

"ಏನಿಲ್ಲ ಸಿಸ್ಟರ್, ಬಸ್ಸಿನ ಧೂಳು."

ಮಾಸ್ಕ್ ಕೊಟ್ಟು ಒಳಗೆ ಬಿಟ್ಟರು. ಅಣ್ಣ ಮಾಸ್ಕ್ ಹಾಕಿದ ನನ್ನ ಮುಖ ನೋಡಿ ನಕ್ಕ. "ಏನ್ಲೇ, ನನ್ನ ಕಂಡ್ರೆ ಇನ್ನೂ ಭಯಾನಾ?"

ತಮಾಷೆಯ ಮಾತು. ನನಗೆ ಮಾತ್ರ ಆ ಕೆಂಪು ತಳ ಕಣ್ಣಿಗೆ ಕಟ್ಟಿತು. ಮಾಸ್ಕ್ ಕಿತ್ತು, ಅವನು ಅರ್ಧ ಕುಡಿದಿದ್ದ ಕಾಫಿ ಲೋಟ ಕಸಿದುಕೊಂಡು ಎರಡು ಗುಟುಕು ಕುಡಿದು ವಾಪಸ್ ಕೊಟ್ಟೆ. ಅವನು ಮಿಕ್ಕಿದ್ದನ್ನು ಕುಡಿದ. ಹಳೇ ಪಾಪ ತೊಳೆದುಹೋಯಿತೆಂದು ಬೀಗುತ್ತಾ ಮನೆಗೆ ಬಂದೆ.

ಮೂರನೇ ದಿನ ಅವನಿಗೆ ಜ್ವರ. ಫ್ಲೂ ಅಂದರು, ಮೂಗಿಗೆ ಆಕ್ಸಿಜನ್ ಹಾಕಿದರು. ಇಂಥವರಿಗೆ ಇದು ಬಲವಾಗಿ ಹಿಡಿಯುತ್ತೆ, ಉಳಿಸಿಕೊಳ್ಳಲು ನೋಡುತ್ತೇವೆ ಎಂದರು ಡಾಕ್ಟರು. ಅಕ್ಕಪಕ್ಕದ ಮಂಚಗಳಲ್ಲೂ ರೋಗಿಗಳಿದ್ದರು. ಅವರಿಗೂ ಹತ್ತಬಾರದೆಂದು ನರ್ಸಮ್ಮನಿಗೆ ನಿಜ ಹೇಳಿದೆ. ಬೈದರು, ಬೈಸಿಕೊಂಡೆ. ಐದು ದಿನ ಹೊರಗೆ ಬೇವಿನ ಮರದಡಿ ಕೂತೆ.

ಆರನೇ ದಿನ ಜ್ವರ ಇಳಿದ ಮೇಲೆ ಅವನೇ ವಾರ್ಡಿನಿಂದ ಫೋನ್ ಮಾಡಿದ. ಅಳುತ್ತಾ ಎಲ್ಲ ಒಪ್ಪಿಕೊಂಡೆ.

"ಲೇ, ಊರೋರೆಲ್ಲ ನನ್ನಿಂದ ಅವರಿಗೆ ಬತ್ತದೆ ಅಂತ ಓಡ್ತಾರೆ. ನೀನೊಬ್ಬಳೇ ಕಣೇ ಉಲ್ಟಾ ತಂದು ಕೊಟ್ಟಿದ್ದು!" ನಕ್ಕು ನಕ್ಕು ಕೆಮ್ಮಿದ.

"ನಗಬ್ಯಾಡಣ್ಣ! ಆ ಕೆಂಪು ಲೋಟಾನೂ..."

"ಅದನ್ನ ಆವತ್ತೇ ನೋಡಿದ್ದೆ. ಬುಡು."

ಈಗ ಊರುಗೋಲು ಹಿಡಿದು ನಮ್ಮ ಮನೆಯಲ್ಲೇ ಇದ್ದಾನೆ. ಮೊನ್ನೆ ಹಾಲು ಕರೆಯುವಾಗ ಎರಡು ಸಲ ಸೀನಿದೆ. ಅಣ್ಣ ಕುಂಟುತ್ತಾ ಒಳಗೆ ಹೋಗಿ, ಒಂದು ಲೋಟ ಕಾಫಿ ತಂದು ಕಲ್ಲಿನ ಮೇಲಿಟ್ಟ.

"ನೆಗಡಿ ಓಗೋವರ್ಗೂ ಇದು ನಿಂದು. ಅಲ್ಲೇ ಕರು ಪಕ್ಕ ಕೂತ್ಕೊಂಡು ಕುಡಿ, ಅತ್ರ ಬರಬ್ಯಾಡ."

ಎತ್ತಿ ತಳ ನೋಡಿದೆ. ಹೊಸದಾಗಿ ಹಚ್ಚಿದ ಕೆಂಪು, ನನ್ನ ಮಗಳ ನೈಲ್ ಪಾಲಿಷ್ ಬಾಟಲಿಯದು. ತೊಟ್ಟೂ ಬಿಡದೆ ಕುಡಿದೆ.