ಅತ್ತಿಗೆ ತಳ್ಳಿಹಾಕಿದ ಗೆರೆಗಳು

ಬೆಳಗಿನ ಐದೂವರೆ. ಸಂಶೋಧನಾ ಕೇಂದ್ರದ ಎರಡನೇ ಮಹಡಿಯಲ್ಲಿ ಒಂದೇ ಒಂದು ಕೋಣೆಯ ದೀಪ ಉರಿಯುತ್ತಿದೆ. ಕಿಟಕಿ ಪಕ್ಕದ ಮೇಜಿನ ಮುಂದೆ ಐವತ್ತೊಂಬತ್ತರ ಹೆಂಗಸೊಬ್ಬರು ಎಡಗೈ ಬೆರಳನ್ನು ಹಳೆಯ ರಿಜಿಸ್ಟರಿನ ಸಾಲಿನ ಮೇಲಿಟ್ಟು, ಬಲಗೈಯಲ್ಲಿ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುತ್ತಿದ್ದಾರೆ. ದಿನಾಂಕ, ಹೊತ್ತು, ಎತ್ತರ, ಅಗಲ. ಸಾಲು ಮುಗಿದರೆ ಪೆನ್ಸಿಲಿನಿಂದ ಒಂದು ಚುಕ್ಕೆ. "ಕೂತ್ಕೊಳ್ಳಿ. ಆದ್ರೆ ಮಾತಾಡಿಸ್ಬೇಡಿ, ಸಾಲು ತಪ್ಪಿಹೋಗುತ್ತೆ" ಎನ್ನುತ್ತಾರೆ. ಮಾತಾಡಿಸಲೆಂದೇ ಬಂದ ನಾನು ಮುಕ್ಕಾಲು ಗಂಟೆ ತುಟಿಪಿಟಕ್ಕೆನ್ನದೆ ಕೂರುತ್ತೇನೆ.

ಕೇಂದ್ರದಲ್ಲಿ ಇವರನ್ನು ಎಲ್ಲರೂ ಕರೆಯುವುದು ಜರಡಿಯಮ್ಮ ಎಂದೇ. ಹುದ್ದೆಯ ಹೆಸರು ದತ್ತಾಂಶ ಪರಿಶೀಲಕಿ. ಮೂವತ್ತೊಂದು ವರ್ಷದಿಂದ ಅದೇ ಹುದ್ದೆ, ಹೆಚ್ಚುಕಡಿಮೆ ಅದೇ ಕುರ್ಚಿ. ನಮ್ಮ ತಲೆಯ ಮೇಲೆ ನೂರಾರು ಕಿಲೋಮೀಟರ್ ಎತ್ತರದಲ್ಲಿ, ಬಿಸಿಲು ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸಿಟ್ಟಿರುವ ಪದರವೊಂದಿದೆ. ಅದೇ ಅಯಾನುಗೋಳ. ನಮ್ಮ ಫೋನಿಗೆ ದಾರಿ ತೋರಿಸುವ ಉಪಗ್ರಹಗಳ ಸಂಕೇತ ಇದನ್ನು ಹಾದು ಬರುವಾಗ ತುಸು ಬಾಗುತ್ತದೆ. ಇನ್ನೊಂದು ಪುಟ್ಟ ಉಪಗ್ರಹ ಆ ಬಾಗನ್ನು ಹಿಡಿದು ಕಳಿಸುತ್ತದೆ. ಯಾವ ಎತ್ತರದಲ್ಲಿ ಎಲೆಕ್ಟ್ರಾನು ಎಷ್ಟು ದಟ್ಟವಾಗಿದೆ ಎಂದು ಹೇಳುವ ಗೆರೆ ಅದರಿಂದಲೇ ಮೂಡುತ್ತದೆ. ದಿನಕ್ಕೆ ನಾನೂರು ಗೆರೆ. ಒಳ್ಳೆಯವನ್ನು ಉಳಿಸಿ ಕೆಟ್ಟವನ್ನು ತೆಗೆದುಹಾಕುವುದು ಜರಡಿಯಮ್ಮನ ಕೆಲಸ.

"ಒಳ್ಳೇ ಗೆರೆ ಅಂದ್ರೆ ಹೊಟ್ಟೆ ಬಂದ ಗಂಡಸು ಪಕ್ಕಕ್ಕೆ ತಿರುಗಿ ನಿಂತ ಹಾಗಿರುತ್ತೆ ನೋಡಿ. ಮುನ್ನೂರು ಕಿಲೋಮೀಟರ್ ಹತ್ರ ಹೊಟ್ಟೆ. ಅದು ಇರೋ ಕಡೆ ಇದೆಯಾ ಅಂತ ನೋಡೋಕೆ ನನಗೆ ಸಂಬಳ. ಮನೇಲೂ ಒಂದಿದೆ, ಅದನ್ನ ಪುಕ್ಕಟೆ ನೋಡ್ತೀನಿ" ಎಂದು ನಗುತ್ತಾರೆ. ಮನೆಯಲ್ಲಿರುವುದು ನಿವೃತ್ತ ಬಸ್ ಚಾಲಕರಾದ ಪತಿಯ ಹೊಟ್ಟೆ.

ನಗು ಅಲ್ಲಿಗೇ ಮುಗಿಯಿತು. ರಿಜಿಸ್ಟರಿನ ವಿಷಯ ಎತ್ತಿದರೆ ಅವರ ದನಿ ಇಳಿಯುತ್ತದೆ.

ಭೌತಶಾಸ್ತ್ರದ ಪದವಿ ಮುಗಿದ ವರ್ಷವೇ ಇವರ ಮದುವೆಯಾಯಿತು. ಬಂದ ಮನೆಯಲ್ಲಿ ಅತ್ತೆ ತೀರಿಕೊಂಡಿದ್ದರು. ಹತ್ತು ವರ್ಷದ ನಾದಿನಿ ಇದ್ದಳು. ಅವಳಿಗೆ ಜಡೆ ಹಾಕಿದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟಿದ್ದು, ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಬೀಜಗಣಿತ ಹೇಳಿಕೊಟ್ಟಿದ್ದು ಎಲ್ಲ ಇವರೇ. ಹುಡುಗಿ ಚುರುಕು. ಓದಿ ಓದಿ ಕೊನೆಗೆ ಅತ್ತಿಗೆ ಕೆಲಸ ಮಾಡುವ ಕೇಂದ್ರಕ್ಕೇ ಸಂಶೋಧನಾ ವಿದ್ಯಾರ್ಥಿನಿಯಾಗಿ ಬಂದಳು. ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು, ಡಬ್ಬಿಯೂ ಒಂದೇ ಆಗಿತ್ತು.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಸೂರ್ಯ ಮುಳುಗಿದ ಮೇಲಿನ ಕೆಲವು ಗೆರೆಗಳಲ್ಲಿ, ಹೊಟ್ಟೆಯ ಕೆಳಗೆ ಇಲಿ ಕಡಿದ ಹಾಗೆ ಸಣ್ಣ ಕಚ್ಚುಗಳಿರುವುದು ನಾದಿನಿಯ ಕಣ್ಣಿಗೆ ಬಿತ್ತು. ಆ ಪದರದಲ್ಲಿ ಎಲೆಕ್ಟ್ರಾನು ವಿರಳವಾದ ದೊಡ್ಡ ಪೊಳ್ಳುಗಳು ಏಳುತ್ತವೆಂದು ವಿಜ್ಞಾನಿಗಳಿಗೆ ಗೊತ್ತಿತ್ತು. ಇಷ್ಟು ಸಣ್ಣವನ್ನು ಮಾತ್ರ ಯಂತ್ರದ ದೋಷವೆಂದು ಎಲ್ಲರೂ ಕೈಬಿಟ್ಟಿದ್ದರು. ಅಂಕುಡೊಂಕು ಮಿತಿ ಮೀರಿದರೆ ಗೆರೆ ತೆಗೆಯಬೇಕು, ತೆಗೆದದ್ದರ ಮೂಲ ಸಂಕೇತ ತೊಂಬತ್ತು ದಿನದ ನಂತರ ಅಳಿಸಿಹಾಕಬೇಕು ಎಂಬುದು ನಿಯಮ. ಆದರೆ ನಿಯಮದಲ್ಲೊಂದು ಕಿಂಡಿ ಇತ್ತು. ಪರಿಶೀಲಕಿಗೆ ಸರಿಯೆನಿಸಿದರೆ ಎರಡು ಸಾಲು ಕಾರಣ ಬರೆದು 'ಉಳಿಸು' ಎಂದು ಗುರುತು ಹಾಕಬಹುದಿತ್ತು.

"ಪಾತ್ರೆ ತೊಳೀತಿದ್ವಿ ಇಬ್ಬರೂ. 'ಅತ್ತಿಗೆ, ಆ ಕಚ್ಚಿನ ಗೆರೆಗಳನ್ನ ಎಸೀಬೇಡಿ, ನನ್ನ ಪ್ರಬಂಧ ಅದರ ಮೇಲೇ ನಿಂತಿದೆ' ಅಂದ್ಲು. ಹಿಂದಿನ ದಿನಾನೇ ಆಫೀಸಲ್ಲಿ ಟೀ ಕುಡೀವಾಗ ಒಬ್ಬರು, ಅತ್ತಿಗೆ ನಾದಿನಿ ಸೇರ್ಕೊಂಡು ಕಸಾನೂ ವಿಜ್ಞಾನ ಮಾಡ್ತಾರೆ ಅಂತ ತಮಾಷೆ ಮಾಡಿದ್ರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯ್ತು. ಮನೆಯವಳು ಅಂತ ಬಿಟ್ಟುಕೊಟ್ಲು ಅನ್ನೋ ಮಾತು ಬರಬಾರದು ಅಂತ ಇನ್ನೂ ಬಿಗಿಯಾದೆ."

ಕಚ್ಚಿನ ಗೆರೆಗಳನ್ನೆಲ್ಲ ತೆಗೆದರು. ಆದರೂ ತೆಗೆಯುವ ಮುನ್ನ ಕಚ್ಚಿನ ಹೊತ್ತು, ಜಾಗ, ಎತ್ತರ, ಅಗಲ ಇಷ್ಟನ್ನು ಯಾರಿಗೂ ಹೇಳದೆ ರಿಜಿಸ್ಟರಿನಲ್ಲಿ ಬರೆದಿಡುತ್ತಾ ಹೋದರು. ದಿನಕ್ಕೆ ಒಂದೋ ಎರಡೋ. ಮೂರು ವರ್ಷ ಕಾದ ನಾದಿನಿ, ಕೈಯಲ್ಲಿ ಗೆರೆಗಳೇ ಇಲ್ಲದೆ ಸಂಶೋಧನೆ ಬಿಟ್ಟು ಶಾಲೆಯಲ್ಲಿ ಗಣಿತ ಕಲಿಸಲು ಹೋದಳು. ಅವಳು ಹೋದ ಮೇಲೂ ಅತ್ತಿಗೆ ಇನ್ನೂ ಎಂಟು ವರ್ಷ, ಆ ಉಪಗ್ರಹ ಕೆಟ್ಟು ಮೌನವಾಗುವವರೆಗೂ ಬರೆಯುವುದನ್ನು ನಿಲ್ಲಿಸಲಿಲ್ಲ. ಯಾಕೆ ಎಂದರೆ, "ಕೇಳಿದ್ಲಲ್ಲ, ಅಷ್ಟಾದ್ರೂ ಮಾಡೋಣ ಅಂತ" ಎನ್ನುತ್ತಾರೆ. ಕೇಳಿದ್ದು ಅಷ್ಟಲ್ಲವಲ್ಲ ಎಂದು ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನನಗೆ ಇವರ ಮೇಲೆ ಸಿಟ್ಟೇ ಬಂದಿತ್ತು.

ಏಳು ವರ್ಷದ ಹಿಂದೆ ಬೇರೊಂದು ತಂಡ ತನ್ನ ಹೊಸ ಉಪಗ್ರಹದಲ್ಲಿ ಅಂಥದೇ ಕಚ್ಚುಗಳನ್ನು ಕಂಡಿತು. ನೆಲದ ಮೇಲಿನ ರೇಡಾರಿನಿಂದಲೂ ನೋಡಿ, ಇವು ಯಂತ್ರದ ದೋಷವಲ್ಲ, ನಿಜವಾದ ಪೊಳ್ಳುಗಳು ಎಂದು ಸಾರಿತು. ಹಡಗಿನ ರೇಡಿಯೊ ಸಂಜೆ ಹೊತ್ತು ಏಕೆ ಮಂಕಾಗುತ್ತದೆ ಎಂಬುದಕ್ಕೆ ಅವೂ ಒಂದು ಕಾರಣವಂತೆ. ಆ ವರದಿಯನ್ನು ಜರಡಿಯಮ್ಮ ಇದೇ ಮೇಜಿನ ಮುಂದೆ ಓದಿದರು. "ಚಿತ್ರ ನೋಡಿದ ತಕ್ಷಣ ಗೊತ್ತಾಯ್ತು. ಸಾವಿರಾರು ಸಲ ನೋಡಿದ್ದೀನಲ್ಲ. ಅವತ್ತು ಮಧ್ಯಾಹ್ನ ಡಬ್ಬಿ ಬಿಚ್ಚಲಿಲ್ಲ."

ಈ ವರ್ಷ ಕೇಂದ್ರಕ್ಕೆ ಬಂದ ಹೊಸ ಮುಖ್ಯಸ್ಥೆ ಆಕಸ್ಮಿಕವಾಗಿ ಆ ರಿಜಿಸ್ಟರುಗಳನ್ನು ಕಂಡು ಹೌಹಾರಿದರು. ಸೂರ್ಯನ ಅಬ್ಬರ ಏರಿ ಇಳಿಯಲು ಸುಮಾರು ಹನ್ನೊಂದು ವರ್ಷ ಬೇಕು. ರಿಜಿಸ್ಟರುಗಳಲ್ಲಿರುವುದೂ ಸರಿಯಾಗಿ ಹನ್ನೊಂದು ವರ್ಷದ ಲೆಕ್ಕ. ಗೆರೆಗಳು ಮರಳಿ ಸಿಗುವುದಿಲ್ಲ, ಆದರೆ ಯಾವ ಕಚ್ಚು ಎಲ್ಲಿ, ಯಾವಾಗ ಎಂಬುದಾದರೂ ಉಳಿದಿದೆ. ಒಟ್ಟು ಇಪ್ಪತ್ತಮೂರು ರಿಜಿಸ್ಟರು, ಆರು ಸಾವಿರದ ಎಂಟುನೂರ ಚಿಲ್ಲರೆ ಸಾಲು. ಪಾಳಿಗೆ ಎರಡು ಗಂಟೆ ಮೊದಲೇ ಬಂದು ದಿನಕ್ಕೆ ನಲವತ್ತು ಸಾಲು ತುಂಬುತ್ತಾರೆ. ಹದಿನಾಲ್ಕು ರಿಜಿಸ್ಟರು ಮುಗಿದಿವೆ, ನಿವೃತ್ತಿಗೆ ನಾಲ್ಕು ತಿಂಗಳಿದೆ. ಸಹಾಯಕ್ಕೆ ಜನ ಕೊಡುತ್ತೇವೆಂದರೂ ಬೇಡವೆಂದಿದ್ದಾರೆ. ಅವರ ಕೈಬರಹ ಅವರಿಗೇ ಅರ್ಥವಾಗಬೇಕು, ಅದೂ ನಿಜ.

ಪಟ್ಟಿ ಪ್ರಕಟವಾಗುವಾಗ ಅದರ ಮೇಲೆ ತನ್ನ ಹೆಸರು ಬೇಡ, ನಾದಿನಿಯದಿರಲಿ ಎಂಬುದೊಂದೇ ಇವರ ಆಸೆ. ಮುಖ್ಯಸ್ಥೆ ಒಪ್ಪಿದ್ದಾರೆ. ನಾದಿನಿಗೆ ಹೇಳಲು ಮಾತ್ರ ಇವರಿಗೆ ಬಾಯಿ ಬಂದಿಲ್ಲ.

ಹಾಗಾಗಿ ನಾನೇ ಶಾಲೆಗೆ ಹೋದೆ. ನಲವತ್ತೆಂಟರ ಗಣಿತದ ಮೇಡಂ ಉತ್ತರಪತ್ರಿಕೆಗಳ ರಾಶಿಯಿಂದ ತಲೆ ಎತ್ತಿ ಎಲ್ಲವನ್ನೂ ಕೇಳಿಸಿಕೊಂಡರು. "ಹಾಕಲಿ ಬಿಡಿ. ಈಗ ಅದರಿಂದ ನನಗೇನೂ ಆಗಲ್ಲ. ಅತ್ತಿಗೆ ನನ್ನ ಸಾಕಿದವರು, ಜಗಳ ಆಡೋಕಾಗುತ್ತಾ? ಕಣ್ಣಿಗೆ ಹುಷಾರು ಅಂತ ಹೇಳಿ, ಮೊನ್ನೆ ನೀರು ಸೋರ್ತಿತ್ತು" ಎಂದು ಮತ್ತೆ ಕೆಂಪು ಪೆನ್ನು ಕೈಗೆತ್ತಿಕೊಂಡರು.

ಮರುದಿನ ಬೆಳಿಗ್ಗೆ ಅದನ್ನು ಹಾಗೆಯೇ ಬಂದು ಹೇಳಿದೆ. ಜರಡಿಯಮ್ಮನ ಬೆರಳು ರಿಜಿಸ್ಟರಿನ ಮೇಲೆ ನಿಂತಿತು.

"ಸಿಟ್ಟು ಮಾಡ್ಕೊಂಡ್ಲಾ?"

"ಇಲ್ಲ."

"ಮಾಡ್ಕೊಂಡಿದ್ರೆ ಚೆನ್ನಾಗಿತ್ತು." ನನ್ನ ಕಡೆ ನೋಡದೆ ಹೇಳಿದರು: "ಎರಡು ಸಾಲು ಕಾರಣ ಬರೀಬೇಕಿತ್ತು, ಅಷ್ಟೇ ರೀ. ಬೇರೆ ಯಾರೇ ಬಂದು ಕೇಳಿದ್ದರೂ ಬರೀತಿದ್ದೆ."